ಹೆರಿಗೆಗೆ ಮುಂಚಿನ ಎಂಟು ವಾರ



ತಾಯಿಯನ್ನು ಹೊಗಳುವ ಮಾತಿಗೆ ನಮ್ಮಲ್ಲಿ ಬರವಿಲ್ಲ. ಇವತ್ತು ನಾನು ಆ ಹೊಗಳಿಕೆಗೆ ಇನ್ನೊಂದು ಸೇರಿಸುವುದಿಲ್ಲ. ಮಗು ಹುಟ್ಟುವುದಕ್ಕೆ ಮುಂಚಿನ ಎರಡು ತಿಂಗಳು ಆ ಹೆಣ್ಣುಮಗಳು ಎಲ್ಲಿರುತ್ತಾಳೆ, ಏನು ಮಾಡುತ್ತಿರುತ್ತಾಳೆ, ಆ ದಿನಗಳ ಕೂಲಿಯನ್ನು ಅವಳಿಗೆ ಯಾರು ಕೊಡುತ್ತಾರೆ ಎಂದು ಕೇಳಬೇಕಾಗಿದೆ. ತಾಲ್ಲೂಕು ಆಸ್ಪತ್ರೆಗಳ ಹೆರಿಗೆ ವಾರ್ಡಿನಲ್ಲಿ ಬದುಕಿನ ಬಹುಭಾಗ ಕಳೆದವಳು ನಾನು. ಹೆರಿಗೆಯ ಕೋಣೆಯಲ್ಲಿ ನಾವು ಪಡುವ ಆತಂಕದಲ್ಲಿ ಅರ್ಧ ಪಾಲು ಅದಕ್ಕೂ ಎರಡು ತಿಂಗಳ ಹಿಂದೆಯೇ ಶುರುವಾಗಿರುತ್ತದೆ ಎಂಬುದು ನನಗೆ ಖಚಿತವಾಗಿ ಗೊತ್ತು.

ಮೊದಲು ಶರೀರದ ಮಾತು. ಏಳು ತುಂಬಿ ಎಂಟಕ್ಕೆ ಬಿದ್ದ ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ಮೊದಲಿಗಿಂತ ನೂರಕ್ಕೆ ನಲವತ್ತರಿಂದ ಐವತ್ತರಷ್ಟು ಹೆಚ್ಚಿರುತ್ತದೆ. ಹೃದಯ ಅಷ್ಟನ್ನೂ ತಿರುಗಿಸಬೇಕು. ಗರ್ಭಕೋಶ ಮೇಲೇರಿ ವಪೆಯನ್ನು ಒತ್ತುವುದರಿಂದ ನಾಲ್ಕು ಮೆಟ್ಟಿಲಿಗೇ ಏದುಸಿರು ಬರುತ್ತದೆ. ಕೆಳಗೆ ಮೂತ್ರಕೋಶದ ಮೇಲೆ ಭಾರ ಬೀಳುವುದರಿಂದ ರಾತ್ರಿ ಮತ್ತೆ ಮತ್ತೆ ಏಳಬೇಕು. ಅಂಗಾತ ಮಲಗಿದರೆ ಬೆನ್ನುಮೂಳೆಯ ಪಕ್ಕದ ದೊಡ್ಡ ರಕ್ತನಾಳ ಅದುಮಿಕೊಂಡು ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಮಗ್ಗುಲಾಗಿ ಮಲಗಮ್ಮ ಎಂದು ಹೇಳುವುದು ಇದಕ್ಕೇ. ಈ ವಾರಗಳಲ್ಲಿ ಮಗು ವಾರವಾರವೂ ಸುಮಾರು 200 ಗ್ರಾಂ ತೂಕ ಕೂಡಿಸಿಕೊಳ್ಳುತ್ತದೆ. ಹುಟ್ಟಿದ ಮೇಲೆ ಮೊದಲ ತಿಂಗಳುಗಳಿಗೆ ಬೇಕಾಗುವ ಕಬ್ಬಿಣಾಂಶವನ್ನು ಅದು ತಾಯಿಯಿಂದ ಎಳೆದು ಕೂಡಿಟ್ಟುಕೊಳ್ಳುವುದೂ ಬಹುಪಾಲು ಕೊನೆಯ ಮೂರು ತಿಂಗಳಲ್ಲೇ. ಎಳೆದುಕೊಳ್ಳಲು ತಾಯಿಯಲ್ಲಿ ಇರಬೇಕಲ್ಲ? ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆ, ಅಂದರೆ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ. ಅಂಥ ಮೈ ಹೊತ್ತು ಅವಳು ಜಲ್ಲಿ ಬುಟ್ಟಿ ಹೊರುತ್ತಾಳೆ, ಕಳೆ ಕೀಳುತ್ತಾಳೆ, ಸಂಜೆ ಮನೆಗೆ ಬಂದು ನೀರು ಸೇದುತ್ತಾಳೆ.

ಕೆಲಸದ ಜಾಗದ ಇನ್ನೊಂದು ಕಷ್ಟವನ್ನು ಹೆಂಗಸರು ವೈದ್ಯರ ಮುಂದೆಯೂ ಬಾಯಿಬಿಟ್ಟು ಹೇಳುವುದಿಲ್ಲ. ಶೌಚಾಲಯ ದೂರ, ಅಥವಾ ಇಲ್ಲವೇ ಇಲ್ಲ, ಅಥವಾ ಇದ್ದರೂ ಮೇಲ್ವಿಚಾರಕನ ಅಪ್ಪಣೆ ಬೇಕು. ಹಾಗಾಗಿ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಉರಿಮೂತ್ರ, ಸೋಂಕು, ಜ್ವರ, ಅದರ ಹಿಂದೆಯೇ ದಿನ ತುಂಬುವ ಮೊದಲೇ ನೋವು ಕಾಣಿಸಿಕೊಳ್ಳುವ ಅಪಾಯ. ಇದಕ್ಕೆ ಔಷಧಿ ಬರೆಯುವುದು ಸುಲಭ. ಆದರೆ ಅವಳಿಗೆ ಬೇಕಾದದ್ದು ಒಂದು ಬಾಗಿಲು, ಒಂದು ಚಿಲಕ, ಕೇಳದೆ ಎದ್ದುಹೋಗುವ ಸ್ವಾತಂತ್ರ್ಯ.

ಈ ದಿನಗಳ ಭಾರ ನಮ್ಮ ಹಿರಿಯರಿಗೆ ತಿಳಿದಿತ್ತು. ಏಳನೆಯದರಲ್ಲೋ ಒಂಬತ್ತನೆಯದರಲ್ಲೋ ಸೀಮಂತ, ಉತ್ತರ ಕರ್ನಾಟಕದಲ್ಲಿ ಕುಬಸ. ಹಸಿರು ಸೀರೆ, ಹಸಿರು ಬಳೆ, ಬಯಕೆಯ ಊಟ, ಆಮೇಲೆ ತವರಿನ ದಾರಿ. ಹಾಡು, ಆರತಿಗಳನ್ನು ಬದಿಗಿಟ್ಟು ನೋಡಿದರೆ ಇದು ದುಡಿಮೆಯಿಂದ ಬಿಡುಗಡೆ. ಅತ್ತೆಮನೆಯ ಕೊಟ್ಟಿಗೆ, ಬೀಸುಕಲ್ಲು, ಹೊಲ ಇವುಗಳಿಂದ ಸೊಸೆಯನ್ನು ಯಾರೂ ಆಕ್ಷೇಪಿಸಲಾಗದ ಹಾಗೆ ಎತ್ತಿ ಬೇರೆ ಕಡೆ ಕೂರಿಸುವ ಏರ್ಪಾಡು. ಕಾನೂನು ಬರುವುದಕ್ಕೆ ಎಷ್ಟೋ ಕಾಲ ಮುಂಚೆ ಸಮಾಜ ತಾನೇ ಕಂಡುಕೊಂಡಿದ್ದ ಹೆರಿಗೆ ರಜೆ ಇದು. ನನಗೆ ಇದರ ಮೇಲೆ ಗೌರವವಿದೆ.

ಆದರೆ ಆ ರಜೆಯ ಖರ್ಚನ್ನು ಕಟ್ಟುತ್ತಿದ್ದವಳು ಇನ್ನೊಬ್ಬ ಹೆಂಗಸು, ಬಸುರಿಯ ತಾಯಿ. ನಸುಕಿನಲ್ಲಿ ಎದ್ದು ಹಂಡೆ ಕಾಯಿಸಿ, ಎಣ್ಣೆ ತಿಕ್ಕಿ, ಎರೆದು, ಸಾಂಬ್ರಾಣಿ ಹಾಕಿ, ಮೆಂತ್ಯದ ಉಂಡೆ, ಅಂಟಿನುಂಡೆ ಕಟ್ಟಿ, ಸಬ್ಬಸಿಗೆ ಬಸಿದು ಬಾಣಂತನ ಮಾಡುವವಳ ದಣಿವನ್ನು ಯಾವ ಲೆಕ್ಕದಲ್ಲೂ ಬರೆದಿಲ್ಲ. ಚೊಚ್ಚಲಕ್ಕೆ ಸಿಕ್ಕ ತವರು ಎರಡನೆಯದಕ್ಕೆ ಸಿಗುವುದು ಅಪರೂಪ. ಆಗ ಬಸಿರಿನ ಜೊತೆಗೆ ಕಂಕುಳಲ್ಲಿ ಕೂಸೂ ಇರುತ್ತದೆ, ದಣಿವು ಇಮ್ಮಡಿ. ತಾಯಿ ತೀರಿಕೊಂಡವಳಿಗೆ, ಮನೆಯವರು ಒಪ್ಪದ ಮದುವೆಯಾದವಳಿಗೆ ಮೊದಲನೆಯದಕ್ಕೂ ತವರಿಲ್ಲ. ಮತ್ತೆ ಇವತ್ತಿನ ತಾಯಿ ಮನೆಯಲ್ಲಿ ಎಲ್ಲಿದ್ದಾಳೆ? ಮದ್ದೂರು, ರಾಮನಗರಗಳ ಕಡೆ ಬೆಳಗಾಗುವ ಮೊದಲೇ ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾಳೆ. ಯಾದಗಿರಿ, ರಾಯಚೂರುಗಳ ಕಡೆಯವಳಾದರೆ ಗಂಡನ ಜೊತೆ ಬೆಂಗಳೂರಿಗೆ ಗುಳೆ ಹೋಗಿದ್ದಾಳೆ. ಬಾಣಂತನ ಮಾಡಲು ಅವಳು ತನ್ನ ಕೂಲಿ ಬಿಡಬೇಕು.

ಆಚಾರದಲ್ಲಿ ಬಿಡಬೇಕಾದ ಸಂಗತಿಗಳೂ ಇವೆ, ಹೇಳಿಬಿಡುತ್ತೇನೆ. ಕೊನೆಯ ತಿಂಗಳಲ್ಲಿ ಹೊಟ್ಟೆ ತುಂಬ ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಅನ್ನ ಕಡಿಮೆ ಮಾಡುವುದು ತಪ್ಪು. ಕಬ್ಬಿಣದ ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ ಎಂಬುದು ಸುಳ್ಳು. ಬಾಣಂತಿಗೆ ನೀರು ಕೊಡಬಾರದು ಎನ್ನುವುದಂತೂ ಹಾಲೂಡಿಸುವವಳಿಗೆ ಮಾಡುವ ಹಿಂಸೆ.

ಇನ್ನು ಕಾನೂನು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಹನ್ನೆರಡು ವಾರಗಳ ಸಂಬಳ ಸಹಿತ ರಜೆ ಕೊಟ್ಟಿತು. 2017ರ ತಿದ್ದುಪಡಿ ಅದನ್ನು ಮೊದಲ ಎರಡು ಮಕ್ಕಳಿಗೆ 26 ವಾರಕ್ಕೆ ಏರಿಸಿತು. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ಕೂಸಿನ ಮನೆ ಇರಬೇಕೆಂದೂ ಅದೇ ತಿದ್ದುಪಡಿ ಹೇಳಿತು. 2020ರ ಸಾಮಾಜಿಕ ಭದ್ರತಾ ಸಂಹಿತೆ ಈ ಹಕ್ಕುಗಳನ್ನೇ ತನ್ನೊಳಗೆ ತೆಗೆದುಕೊಂಡಿದೆ. ನಮ್ಮ ರಾಜ್ಯ ಸರ್ಕಾರಿ ನೌಕರರಿಗೆ 180 ದಿನಗಳ ಹೆರಿಗೆ ರಜೆ ಇದೆ. ಇವೆಲ್ಲ ದೊಡ್ಡ ಸಾಧನೆಗಳು. 26 ವಾರ ಎಂದರೆ ಮಗುವಿಗೆ ಎದೆಹಾಲಷ್ಟೇ ಕೊಡಬೇಕಾದ ಆರು ತಿಂಗಳು. ಆ ಸಂಖ್ಯೆಯ ಹಿಂದೆ ವಿವೇಕವಿದೆ.

ಈಗ ಒಳಗಿನ ತೊಡಕು ನೋಡಿ. ಈ 26 ವಾರಗಳಲ್ಲಿ ಎಂಟು ವಾರವನ್ನು ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ತೆಗೆದುಕೊಂಡ ಪ್ರತಿಯೊಂದು ವಾರವೂ ಹೆರಿಗೆಯ ನಂತರದ ರಜೆಯಿಂದ ಕಳೆದುಹೋಗುತ್ತದೆ. ಎಂಟು ವಾರ ಮೊದಲೇ ವಿಶ್ರಾಂತಿ ಪಡೆದವಳಿಗೆ ಕೂಸಿನ ಜೊತೆ ಉಳಿಯುವುದು ಹದಿನೆಂಟು ವಾರ, ನಾಲ್ಕು ತಿಂಗಳ ಚಿಲ್ಲರೆ. ಯಾವ ತಾಯಿ ಇದಕ್ಕೆ ಒಪ್ಪುತ್ತಾಳೆ? ನನ್ನ ಬಳಿ ಬರುತ್ತಿದ್ದ ಶಿಕ್ಷಕಿಯರು, ಬ್ಯಾಂಕಿನವರು, ಕಚೇರಿಯ ಗುಮಾಸ್ತೆಯರು ಎಲ್ಲರೂ ಮಾಡುತ್ತಿದ್ದದ್ದು ಒಂದೇ ಲೆಕ್ಕ. ಕಾಲು ಬಾತು ಚಪ್ಪಲಿ ಹಿಡಿಸದಿದ್ದರೂ, ಬಸ್ಸಿನಲ್ಲಿ ನಿಂತು ಬಂದರೂ, ನೋವು ಬರುವ ದಿನದವರೆಗೆ ಕೆಲಸ ಮಾಡುವುದು. ಒಂದೊಂದು ದಿನವನ್ನೂ ಮಗುವಿಗೆಂದು ಉಳಿಸುವುದು. ಇಷ್ಟು ದಿನ ಇರಬಲ್ಲೆ, ರಜೆ ಬರೆಯಬೇಡಿ ಡಾಕ್ಟರೆ ಎನ್ನುತ್ತಿದ್ದರು. ತಾಯಿಯ ವಿಶ್ರಾಂತಿಯನ್ನೂ ಮಗುವಿನ ಹಾಲನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ಅವಳ ಕೈಗೆ ಕೊಟ್ಟಿದ್ದೇವೆ. ಅವಳು ಪ್ರತಿ ಸಲವೂ ಮಗುವನ್ನೇ ಆರಿಸುತ್ತಾಳೆ. ಅದನ್ನು ತ್ಯಾಗ ಎಂದು ಕೊಂಡಾಡಿ ನಾವು ಸುಮ್ಮನಾಗುತ್ತೇವೆ.

ಹೆರಿಗೆಗೆ ಮುಂಚಿನ ವಾರಗಳನ್ನು ಪ್ರತ್ಯೇಕವಾಗಿ ಕೊಡಿ, ನಂತರದ 26 ವಾರಗಳಿಂದ ಕಳೆಯಬೇಡಿ ಎಂಬುದು ಈ ವೇದಿಕೆಯಿಂದ ನಾನು ಕೇಳುವ ಮೊದಲ ಸಂಗತಿ.

ಅಲ್ಲಿಯವರೆಗೆ ಇರುವುದನ್ನಾದರೂ ಬಳಸಿಕೊಳ್ಳಿ. ದಿನ ತುಂಬಲು ಆರು ವಾರ ಉಳಿದಿರುವುದಕ್ಕೂ ಹಿಂದಿನ ಒಂದು ತಿಂಗಳು, ಮತ್ತು ಆ ಆರು ವಾರಗಳಲ್ಲಿ ರಜೆ ಹಾಕದೆ ಕೆಲಸ ಮಾಡುವ ದಿನಗಳಲ್ಲಿ, ಕಷ್ಟದ ಕೆಲಸ ಅಥವಾ ಬಹಳ ಹೊತ್ತು ನಿಲ್ಲುವ ಕೆಲಸ ಬೇಡ ಎಂದು ಕೇಳುವ ಹಕ್ಕು 1961ರ ಕಾಯ್ದೆಯಲ್ಲೇ ಬಂದಿದೆ. ಕೇಳಬೇಕಾದವಳು ಅವಳೇ, ಅದಕ್ಕೇ ಗೊತ್ತಿರಬೇಕು. ಹೆರಿಗೆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಗರ್ಭಪಾತವಾದರೆ ಆರು ವಾರ ರಜೆ ಇದೆ. ಆ ದುಃಖದಲ್ಲಿ ಇದನ್ನು ಯಾರೂ ಅವಳಿಗೆ ನೆನಪಿಸುವುದಿಲ್ಲ, ನೀವು ನೆನಪಿಸಿ.

ದುಡ್ಡು ಯಾರು ಕೊಡಬೇಕು ಎಂಬ ಪ್ರಶ್ನೆ ಹಳೆಯದು. 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಚರ್ಚೆಗೆ ಬಂದಾಗ ಡಾ. ಬಿ. ಆರ್. ಅಂಬೇಡ್ಕರ್ ಅದನ್ನು ಬೆಂಬಲಿಸಿ ಮಾತಾಡಿದರು. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಅದು ನಮ್ಮ ನಾಡಿನ ಒಂದು ಭಾಗದ ಶಾಸನಸಭೆಯೂ ಹೌದು. ಹೆರಿಗೆಗೆ ಮುಂಚೆಯೂ ನಂತರವೂ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತಕ್ಕೆ ಸೇರಿದ್ದು, ಆದ್ದರಿಂದ ಅದರ ಹೊರೆಯ ದೊಡ್ಡ ಪಾಲನ್ನು ಸರ್ಕಾರವೇ ಹೊರಬೇಕು, ಲಾಭ ಪಡೆಯುವ ಮಾಲೀಕನೂ ತನ್ನ ಪಾಲು ಕೊಡಬೇಕು ಎಂಬುದು ಅವರ ವಾದದ ಸಾರ. ಹೆರಿಗೆಗೆ ಮುಂಚಿನ ವಿಶ್ರಾಂತಿಯನ್ನು ಅವರು ಮೊದಲು ಹೇಳಿದರು ಎಂಬುದನ್ನು ಗಮನಿಸಿ. ಆ ಕಾಯ್ದೆ 1929ರಲ್ಲಿ ಬಂತು. ಹೊರೆಯ ವಿಷಯದಲ್ಲಿ ಮಾತ್ರ ನಾವು ಅವರ ಮಾತು ಕೇಳಲಿಲ್ಲ. ಇವತ್ತಿಗೂ ನೌಕರರ ರಾಜ್ಯ ವಿಮೆಯ ವ್ಯಾಪ್ತಿಗೆ ಬಾರದ ಕಡೆ ಪೂರ್ತಿ ಸಂಬಳ ಕೊಡಬೇಕಾದವನು ಮಾಲೀಕ. ಹತ್ತು ಹನ್ನೆರಡು ಜನರ ಸಣ್ಣ ಶಾಲೆ, ಸಣ್ಣ ಕಾರ್ಖಾನೆ ಇದಕ್ಕೆ ಹೆದರಿ ಏನು ಮಾಡುತ್ತದೆ? ಹೊಸದಾಗಿ ಮದುವೆಯಾದವಳನ್ನು ಕೆಲಸಕ್ಕೇ ಸೇರಿಸಿಕೊಳ್ಳುವುದಿಲ್ಲ. ಸಂದರ್ಶನದಲ್ಲಿ ಮದುವೆಯ ಬಗ್ಗೆ, ಮಕ್ಕಳ ಬಗ್ಗೆ ಹೆಣ್ಣುಮಕ್ಕಳನ್ನು ಕೇಳುವ ಪ್ರಶ್ನೆಗಳ ಮೂಲ ಇಲ್ಲಿದೆ.

ವಿಮೆಯ ದಾರಿ ಬೇರೆ. ಮಾಲೀಕ ನೂರಕ್ಕೆ 3.25, ಕೆಲಸಗಾರರು 0.75 ರೂಪಾಯಿ ಕಟ್ಟುತ್ತಾರೆ. ಗಂಡಸರು ಹೆಂಗಸರು ಎಲ್ಲರ ದುಡ್ಡೂ ಒಂದೇ ನಿಧಿಗೆ ಹೋಗುತ್ತದೆ, ಹೆರಿಗೆಯ ಭತ್ಯೆ ಅಲ್ಲಿಂದ ಬರುತ್ತದೆ. ಬಸುರಿಯನ್ನು ಇಟ್ಟುಕೊಂಡ ತಪ್ಪಿಗೆ ಯಾವ ಮಾಲೀಕನೂ ಒಂಟಿಯಾಗಿ ತೆರಬೇಕಾಗಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2000ದ ಒಪ್ಪಂದವೂ ಸಾಮಾಜಿಕ ವಿಮೆ ಅಥವಾ ಸಾರ್ವಜನಿಕ ನಿಧಿಯಿಂದಲೇ ಇದನ್ನು ಕೊಡಬೇಕೆನ್ನುತ್ತದೆ. ಭಾರತ ಅದನ್ನು ಅನುಮೋದಿಸಿಲ್ಲ. ನಮ್ಮ ವಿಮೆಗಾದರೂ ತಿಂಗಳಿಗೆ 21,000 ರೂಪಾಯಿ ಸಂಬಳದ ಮಿತಿ ಇದೆ, ಮತ್ತು ನೋಂದಾಯಿತ ಕೆಲಸದ ಜಾಗವಿರಬೇಕು.

ಹಾಗಾದರೆ ಉಳಿದವರು? ನಮ್ಮ ದೇಶದಲ್ಲಿ ದುಡಿಯುವ ಹೆಂಗಸರಲ್ಲಿ ಬಹುಪಾಲು ಈ ಉಳಿದವರೇ. ಹೊಲದ ಕೂಲಿಯವಳು, ಬೀಡಿ ಕಟ್ಟುವವಳು, ನಾಲ್ಕು ಮನೆಯ ಪಾತ್ರೆ ತೊಳೆಯುವವಳು. 2000ದ ಮಾರ್ಚ್ 8ರಂದು ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪು ನನಗೆ ಬಹಳ ದೊಡ್ಡದು. ದೆಹಲಿ ಮಹಾನಗರ ಪಾಲಿಕೆಯಲ್ಲಿ ದಿನಗೂಲಿಯ ಮೇಲೆ ರಸ್ತೆ ಕೆಲಸ ಮಾಡುತ್ತಿದ್ದ, ಗುಂಡಿ ತೋಡುತ್ತಿದ್ದ ಹೆಂಗಸರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕು ಎಂದಿತು ನ್ಯಾಯಾಲಯ. ಅವರಿಗೆ ಹಾಜರಿ ಪುಸ್ತಕವಾದರೂ ಇತ್ತು. ಕಳೆ ಕೀಳುವವಳ ಹಾಜರಿ ಎಲ್ಲಿದೆ? 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಇಂಥವರಿಗೂ ಕನಿಷ್ಠ 6,000 ರೂಪಾಯಿಯ ಹಕ್ಕು ಕೊಟ್ಟಿತು. 2017ರ ಮಾತೃವಂದನಾ ಯೋಜನೆ ಅದನ್ನು ಮೊದಲ ಮಗುವಿಗೆ 5,000ಕ್ಕೆ ಇಳಿಸಿತು. ಎರಡನೆಯ ಮಗುವಿಗೆ ಸಿಗುವುದು ಅದು ಹೆಣ್ಣಾದರೆ ಮಾತ್ರ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. 5,000 ಎಂದರೆ ಹದಿನಾಲ್ಕು ದಿನದ ಕೂಲಿಗೂ ಕಡಿಮೆ. ಒಬ್ಬಳಿಗೆ 26 ವಾರ, ಇನ್ನೊಬ್ಬಳಿಗೆ ಎರಡು ವಾರವೂ ಪೂರ್ತಿಯಿಲ್ಲ. ಹೊಟ್ಟೆಯ ಕೂಸು ಇಬ್ಬರದೂ ನಲವತ್ತು ವಾರವೇ ತೆಗೆದುಕೊಳ್ಳುತ್ತದೆ. ಪಕ್ಕದ ತಮಿಳುನಾಡು ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಯೋಜನೆಯಲ್ಲಿ ಪೌಷ್ಟಿಕ ಆಹಾರದ ಕಿಟ್ ಸೇರಿ 18,000 ರೂಪಾಯಿಯ ನೆರವು ಕೊಡುತ್ತದೆ. ನಮಗೂ ಆಗದ ಮಾತಲ್ಲ.

2017ರ ಅಕ್ಟೋಬರ್ 2ರಂದು ನಮ್ಮ ರಾಜ್ಯ ಆರಂಭಿಸಿದ ಮಾತೃಪೂರ್ಣ ಯೋಜನೆ ಬಸುರಿಗೂ ಬಾಣಂತಿಗೂ ಅಂಗನವಾಡಿಯಲ್ಲಿ ಬಿಸಿಯೂಟ, ಮೊಟ್ಟೆ, ಹಾಲು ಕೊಡುತ್ತದೆ. ಒಳ್ಳೆಯ ಯೋಜನೆ. ಆದರೆ ಮಲೆನಾಡಿನ ಒಂಟಿಮನೆಯ ಎಂಟು ತಿಂಗಳ ಬಸುರಿ ಮಳೆಯಲ್ಲಿ ಸಂಕ ದಾಟಿ ದಿನವೂ ಉಣ್ಣಲು ಬರಲಾರಳು. ಕೊನೆಯ ಎರಡು ತಿಂಗಳಾದರೂ ಊಟ ಅವಳ ಮನೆಗೆ ಹೋಗಬೇಕು.

ಈಗ ಹೆರಿಗೆಯ ಸಿದ್ಧತೆಯ ಮಾತಿಗೆ ಬರುತ್ತೇನೆ. ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. 2004-06ರಲ್ಲಿ ಲಕ್ಷ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು, 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಕೇರಳದಲ್ಲಿ ಆಗ 19. ಆಸ್ಪತ್ರೆಗೆ ಬಂದ ಮಾತ್ರಕ್ಕೆ ಎಲ್ಲ ಮುಗಿಯುವುದಿಲ್ಲ ಎಂಬುದನ್ನು 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರ ಸಾಲುಸಾವು ನಮ್ಮೆಲ್ಲರ ಎದೆಗೆ ಇರಿದು ಹೇಳಿತು. ತಾಯಂದಿರ ಸಾವಿನ ಹಿಂದೆ ಮೂರು ತಡಗಳಿರುತ್ತವೆ ಎಂದು ಥಾಡಿಯಸ್ ಮತ್ತು ಮೇಯ್ನ್ ಎಂಬ ಇಬ್ಬರು ಸಂಶೋಧಕಿಯರು 1994ರಲ್ಲಿ ಬರೆದರು: ಹೋಗಬೇಕೆಂದು ನಿರ್ಧರಿಸುವಲ್ಲಿ ತಡ, ತಲುಪುವಲ್ಲಿ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ತಡ. ಎರಡನೆಯ ತಡವನ್ನು 108 ವಾಹನ ಸಾಕಷ್ಟು ಕಡಿಮೆ ಮಾಡಿದೆ. ಮೂರನೆಯದು ಸರ್ಕಾರದ ಹೊಣೆ. ಮೊದಲನೆಯದು ಮನೆಯೊಳಗೆ ಇದೆ. ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಮುಖ ಕೈ ಬಾತರೆ, ರಕ್ತ ಕಂಡರೆ, ನೀರು ಹೋದರೆ, ಜ್ವರ ಬಂದರೆ, ಕೂಸಿನ ಮಿಸುಕಾಟ ಕಡಿಮೆಯಾದಂತೆ ಅನ್ನಿಸಿದರೆ ಬೆಳಗಾಗಲಿ ಎಂದು ಕಾಯಬೇಡಿ. ಗಂಡ ಬರಲಿ ಎಂದೂ ಕಾಯಬೇಡಿ. ಈ ನಿರ್ಧಾರ ಮಾಡುವ ಅಧಿಕಾರ ಬಸುರಿಗೇ ಇರಬೇಕು, ಸ್ವಲ್ಪ ದುಡ್ಡೂ ಅವಳ ಕೈಯಲ್ಲೇ ಇರಬೇಕು.

ತವರಿಗೆ ಹೋಗುವ ಪದ್ಧತಿಯಲ್ಲಿ ವೈದ್ಯರಿಗಷ್ಟೇ ಕಾಣುವ ಒಂದು ಅಪಾಯವಿದೆ. ಏಳು ತಿಂಗಳು ಒಂದು ಆಸ್ಪತ್ರೆಯಲ್ಲಿ ತೋರಿಸಿಕೊಂಡವಳು ಬಹಳ ಎಚ್ಚರ ಬೇಕಾದ ಹೊತ್ತಿನಲ್ಲೇ ಊರು ಬದಲಿಸುತ್ತಾಳೆ. ಮೊದಲ ತಿಂಗಳುಗಳಲ್ಲಿ ಅವಳ ರಕ್ತದೊತ್ತಡ 100/60 ಇತ್ತು ಎಂದು ಗೊತ್ತಿದ್ದರೆ, ಇವತ್ತಿನ 136/88 ನೋಡಿದ ಕೂಡಲೆ ನಾನು ಎಚ್ಚರಗೊಳ್ಳುತ್ತೇನೆ. ಗೊತ್ತಿಲ್ಲದಿದ್ದರೆ 140/90ರ ಒಳಗಿದೆ, ಪರವಾಗಿಲ್ಲ ಎಂದು ಕಳಿಸಿಬಿಡುವ ಸಂಭವವಿದೆ. ಹಿಂದಿನ ಹೆರಿಗೆ ಯಾಕೆ ಸಿಸೇರಿಯನ್ ಆಯಿತು, ರಕ್ತದ ಗುಂಪು ಯಾವುದು, ಸಕ್ಕರೆ ಎಷ್ಟಿತ್ತು, ಎಲ್ಲವೂ ತಾಯಿ ಕಾರ್ಡಿನಲ್ಲಿದೆ. ಆ ಕಾರ್ಡು ಅತ್ತೆಮನೆಯ ಟ್ರಂಕಿನಲ್ಲಿ ಉಳಿದರೆ ಪ್ರಯೋಜನವೇನು? ಕುಬಸದ ದಿನ ಉಡಿ ತುಂಬುವ ಹಿರಿಯರೇ ಆ ಕಾರ್ಡನ್ನು ಅವಳ ಕೈಗಿಟ್ಟು ಕಳಿಸುವ ರೂಢಿ ಬರಲಿ. ಗುಳೆ ಹೋದವರಿಗೆ ಇದು ಇನ್ನೂ ಮುಖ್ಯ. ಕಟ್ಟಡದ ಶೆಡ್ಡಿನಲ್ಲಿ ಎಂಟು ತಿಂಗಳು ಕಳೆದು, ನೋವು ಬರುವ ಹೊತ್ತಿಗೆ ಬಸ್ಸು ಹಿಡಿದು ಊರಿಗೆ ಬರುವವಳ ಹೆಸರು ಎರಡೂ ಕಡೆಯ ಪಟ್ಟಿಯಲ್ಲಿ ಇರುವುದಿಲ್ಲ.

ಹೆರಿಗೆ ಕೋಣೆಯೊಳಗಿನ ಒಂದು ವಿಷಯವನ್ನೂ ಹೇಳಬೇಕು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಮನೆಯ ಹೆರಿಗೆಗೆ ಮರಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮನೆಯಲ್ಲಿ ರಕ್ತಸ್ರಾವದಿಂದ ಹೋದವರನ್ನು ಕಂಡಿದ್ದೇನೆ. ಆದರೆ ಸೂಲಗಿತ್ತಿ ಇದ್ದ ಕೋಣೆಯಲ್ಲಿ ಬಸುರಿ ಒಂಟಿಯಾಗಿರಲಿಲ್ಲ. ಸೊಂಟ ಹಿಡಿಯುವ ಕೈ, ಇನ್ನೇನು ಆಯಿತವ್ವ ಎನ್ನುವ ದನಿ ಅಲ್ಲಿತ್ತು. ಆಸ್ಪತ್ರೆಗೆ ಕರೆತರುವಾಗ ನಾವು ಅದನ್ನು ಬಾಗಿಲ ಹೊರಗೆ ಬಿಟ್ಟೆವು. ಅಷ್ಟೇ ಅಲ್ಲ, ನೋವಿನಲ್ಲಿ ಕೂಗಿದವಳನ್ನು ಬೈಯುವುದು ಎಷ್ಟೋ ಕಡೆ ಅಭ್ಯಾಸವಾಗಿ ಹೋಗಿದೆ. ನನ್ನ ಕಿರಿಯ ಸಹೋದ್ಯೋಗಿಗಳಿಗೆ ಕೈಮುಗಿದು ಹೇಳುತ್ತೇನೆ, ಅದು ನಿಲ್ಲಬೇಕು. 17 ದೇಶಗಳ ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ 26 ಪ್ರಯೋಗಗಳ ಕಾಕ್ರೇನ್ ವಿಮರ್ಶೆ, ಹೆರಿಗೆಯುದ್ದಕ್ಕೂ ಒಬ್ಬರು ಜೊತೆಗಿದ್ದರೆ ನೋವಿನ ಅವಧಿ ಕಡಿಮೆಯಾಗುತ್ತದೆ, ಸಿಸೇರಿಯನ್ನುಗಳೂ ಕಡಿಮೆಯಾಗುತ್ತವೆ ಎಂದು 2017ರಲ್ಲಿ ತೋರಿಸಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಸಂಗಾತಿಗೆ 2016ರಿಂದಲೇ ಒಪ್ಪಿಗೆ ಇದೆ. ಯಾರನ್ನು ಒಳಗೆ ಕರೆದುಕೊಂಡು ಹೋಗುತ್ತೀರಿ ಎಂಬುದನ್ನು ಎಂಟನೆಯ ತಿಂಗಳಲ್ಲೇ ತೀರ್ಮಾನಿಸಿ, ಆಸ್ಪತ್ರೆಯವರಿಗೆ ಮೊದಲೇ ತಿಳಿಸಿ. ಗಂಡಂದಿರ ವಿಷಯಕ್ಕೆ ಬಂದರೆ, ಕೇಂದ್ರ ಸರ್ಕಾರದ ನೌಕರರಿಗೆ 15 ದಿನಗಳ ಪಿತೃತ್ವ ರಜೆ ಇದೆ. ಖಾಸಗಿಯವರಿಗೆ ಇಂಥ ರಜೆ ಕೊಡಿಸುವ ಕಾನೂನು ಇಲ್ಲ. ಬಾಣಂತನ ಮಾಡಲು ತಾಯಿ ಇಲ್ಲದ ಮನೆಯಲ್ಲಿ ಮಾಡಬೇಕಾದವನು ಅವನೇ ಅಲ್ಲವೆ?

ಹಿಂದಿನ ಸಾಲಿನಲ್ಲಿ ಗುಲಾಬಿ ಸೀರೆಯಲ್ಲಿ ಕುಳಿತಿರುವ ಆಶಾ ಕಾರ್ಯಕರ್ತೆಯರೆ, ಈಗ ನಿಮ್ಮತ್ತ ತಿರುಗುತ್ತೇನೆ. ಊರಿನ ಪ್ರತಿಯೊಬ್ಬ ಬಸುರಿಯ ದಿನ ನಿಮಗೆ ಗೊತ್ತು. ಸರ್ಕಾರ ಇಂದಿಗೂ ನಿಮ್ಮನ್ನು ಸ್ವಯಂಸೇವಕಿಯರು ಎನ್ನುತ್ತದೆ, ನೌಕರರೆಂದು ಒಪ್ಪಿಲ್ಲ. ನಿಮ್ಮದೇ ಒಂಬತ್ತನೆಯ ತಿಂಗಳಲ್ಲಿ ಬೇರೆಯವರ ಮನೆಯ ಮೆಟ್ಟಿಲು ಹತ್ತಿದವರು ನಿಮ್ಮಲ್ಲಿ ಇದ್ದೀರಿ. ಕಾನೂನು ಬದಲಾಗಲು ಕಾಲ ಬೇಕು. ಆದರೆ ಮುಂದಿನ ಗ್ರಾಮಸಭೆಯಲ್ಲಿ ಎಂಟನೆಯ ತಿಂಗಳು ಮುಟ್ಟಿದವರ ಪಟ್ಟಿಯನ್ನು ನೀವು ಮುಂದಿಡಬಹುದು. ಪ್ರತಿ ಹೆಸರಿನ ಎದುರು ರಕ್ತದ ಗುಂಪು, ಅದೇ ಗುಂಪಿನ ಇಬ್ಬರು ದಾನಿಗಳು, 108 ತಡವಾದರೆ ಬರುವ ವಾಹನದ ಚಾಲಕನ ನಂಬರು, ಅವಳ ಬದಲು ನೀರು ತರುವವರು ಯಾರು ಎಂಬುದು ಇರಲಿ. ಈ ಕೊನೆಯ ಕಾಲಂ ಖಾಲಿ ಉಳಿದ ಮನೆಗಳಿಗೆ ಪಂಚಾಯಿತಿಯ ಸದಸ್ಯರನ್ನು ಕರೆದುಕೊಂಡು ಹೋಗಿ.